ಕೈಗೊಂದು ನೆನಪು, ತಲೆಗೊಂದು ನೆನಪು

ದಿನಾ ಬೆಳಿಗ್ಗೆ ಹಾಕುವ ರಂಗೋಲಿಗೆ ಎಷ್ಟು ಚುಕ್ಕಿ ಎಂದು ಯಾರಾದರೂ ಕೇಳಿದರೆ ನನಗೆ ತಟ್ಟನೆ ಹೇಳಲಾಗುವುದಿಲ್ಲ. ಕೈಗೆ ಬಿಟ್ಟರೆ ಅದೇ ಹಾಕಿಬಿಡುತ್ತದೆ. ನಿಮಗೂ ಹಾಗೆಯೇ ಅಲ್ಲವೇ? ನೆನಪಿಗೂ ರೂಢಿಗೂ ಮಿದುಳಿನಲ್ಲಿ ಬೇರೆ ಬೇರೆ ಜಾಗಗಳಿವೆಯಂತೆ.

ಇದನ್ನು ತೋರಿಸಿಕೊಟ್ಟವನು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗ ತಡೆಯಲೆಂದು 1953ರಲ್ಲಿ, ಅವನ 27ನೇ ವಯಸ್ಸಿನಲ್ಲಿ, ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಆಮೇಲೆ ನಡೆದದ್ದೊಂದೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯಲು ಕೊಟ್ಟಾಗ, ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಹಿಂದಿನ ದಿನ ಬರೆದದ್ದೇ ಅವನಿಗೆ ಗೊತ್ತಿರಲಿಲ್ಲ! ರೂಢಿ ಬೆಳೆಯುವುದರಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾಕ್ಕೂ ಡೋಪಮಿನ್ ಎಂಬ ರಾಸಾಯನಿಕಕ್ಕೂ ದೊಡ್ಡ ಪಾಲಿದೆ.

ಗಮನ ಕೊರತೆಯ ಮಕ್ಕಳಲ್ಲಿ ಈ ವ್ಯವಸ್ಥೆ ತುಸು ಬೇರೆ ರೀತಿ ನಡೆಯುತ್ತದೆ. ಮೂರು ಕೆಲಸ ಹೇಳಿದರೆ ಎರಡು ಜಾರಿಹೋಗುತ್ತವೆ. ಅದು ಸೋಮಾರಿತನವಲ್ಲ. ವರ್ಷದ ಕೊನೆಯ ಬಹುಮಾನ ಅವರಿಗೆ ಬಹಳ ದೂರ. ಆಗಿಂದಾಗಲೇ ‘ಭೇಷ್’ ಎಂದರೆ ಹಿಡಿಯುತ್ತದೆ. ಅಂಥವರಿಗೆ ನಾನು ಒಂದೊಂದೇ ಕೆಲಸ ಹೇಳುತ್ತೇನೆ, ಬೋರ್ಡಿನ ಮೇಲೆ ದಿನವೂ ಒಂದೇ ಮೂಲೆಯಲ್ಲಿ ಬರೆಯುತ್ತೇನೆ. ಕೆಲವರಿಗೆ ವೈದ್ಯರ ಔಷಧಿಯೂ ಬೇಕು.

ನನ್ನ ನಾದಿನಿಯದು ಇನ್ನೊಂದು ತರಹ. ಕೈ ತೊಳೆಯಲು ನಿಂತರೆ ಮುಗಿಯುತ್ತಲೇ ಇರಲಿಲ್ಲ. ‘ನಮ್ಮ ಹುಡುಗಿಗೆ ಮಡಿ ಜಾಸ್ತಿ’ ಎಂದು ನಮ್ಮ ಅತ್ತೆಗೆ ಹೆಮ್ಮೆ. ಬೆರಳ ಸಂದಿ ಒಡೆದು ರಕ್ತ ಬಂದರೂ ನಲ್ಲಿ ಬಿಡಳು. ಅವಳನ್ನು ತವರಿಗೆ ಕಳಿಸಿಬಿಡುವ ಮಾತು ಗಂಡನ ಮನೆಯಲ್ಲಿ ಎದ್ದಿತು.

“ಕೊಳೆ ಇಲ್ಲ ಅಂತ ನಂಗೂ ಗೊತ್ತು ಅತ್ತಿಗೆ. ಕೈ ಕೇಳೋದಿಲ್ಲ” ಎಂದು ಅತ್ತಳು.

ಇದು ಗೀಳು ಕಾಯಿಲೆ. ರೂಢಿಯ ಯಂತ್ರವೇ ಇಲ್ಲಿ ಹಟ ಹಿಡಿಯುತ್ತದೆಂದು ಹಲವು ಸಂಶೋಧಕರ ಅಭಿಪ್ರಾಯ. ಮನೋವೈದ್ಯರು ಮಾತ್ರೆಯ ಜೊತೆ ಒಂದು ಅಭ್ಯಾಸವನ್ನೂ ಕೊಟ್ಟರು: ಬಾಗಿಲ ಚಿಲಕ ಮುಟ್ಟಬೇಕು, ತೊಳೆಯದೆ ಕಳವಳ ಇಳಿಯುವ ತನಕ ಕೂತಿರಬೇಕು. ಮೊದಮೊದಲು ನಡುಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದೆ. ಬುದ್ಧಿ ಹೇಳಲು ಹೋಗಲಿಲ್ಲ. ಹೇಳಬೇಕಾದದ್ದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತಲ್ಲ!

ಈಗ ಅವಳು ತನ್ನ ಮನೆಯಲ್ಲೇ ಇದ್ದಾಳೆ. ಪೂರ್ತಿ ಗುಣವಾಗಿಲ್ಲ. ಆದರೆ ಮೊನ್ನೆ ಹಬ್ಬಕ್ಕೆ ಬಂದವಳು ಒಂದೇ ಸಲ ಕೈ ತೊಳೆದು ಎಲೆಯ ಮುಂದೆ ಕೂತಳು.