ಗಂಜಾಂನ ಚಿಕ್ಕ ಚರ್ಚು, ದೊಡ್ಡಸ್ವಾಮಿಯವರ ಕಥೆ

ಶ್ರೀರಂಗಪಟ್ಟಣ ಅಂದ್ರೆ ನಮಗೆಲ್ಲ ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ. ಅಲ್ಲಿಗೆ ಮುಗೀತು. ಅದೇ ದ್ವೀಪದ ಗಂಜಾಂನಲ್ಲಿ ಇನ್ನೂರು ವರ್ಷ ದಾಟಿದ ಒಂದು ಚಿಕ್ಕ ಚರ್ಚ್ ಇದೆ. ಪ್ರವಾಸಿಗರು ಅದರ ಪಕ್ಕದಲ್ಲೇ ಹಾದು ಹೋದರೂ ನಿಲ್ಲಿಸೋದು ಕಮ್ಮಿ. ಹೋದ ಚಳಿಗಾಲದ ಒಂದು ಶನಿವಾರ ಅದೊಂದನ್ನೇ ನೋಡೋಣ ಅಂತ ನಾನೂ ನನ್ನ ಆಫೀಸಿನ ಗೆಳೆಯನೂ ಮೈಸೂರಿನಿಂದ ಸೈಕಲ್ ಹತ್ತಿದೆವು.

ಬೆಂಗಳೂರು ಹೆದ್ದಾರಿಯಲ್ಲಿ ಸೈಕಲ್ ತುಳಿಯೋದು ಬೇಡವೇ ಬೇಡ. ನಾಗನಹಳ್ಳಿ ಕಡೆಯ ಹಳ್ಳಿ ದಾರಿ ಹಿಡಿದರೆ ಲಾರಿ ಸದ್ದು ಹಿಂದೆ ಉಳಿಯುತ್ತೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಕಬ್ಬು, ನಡುವೆ ನಾಲೆ. ಆಲೆಮನೆ ನಡೀತಿದ್ದರೆ ಅರ್ಧ ಕಿಲೋಮೀಟರ್ ಮುಂಚೆಯೇ ಬೆಲ್ಲದ ವಾಸನೆ ಬರುತ್ತೆ. ನಾವು ಅಲ್ಲಿ ನಿಲ್ಲದೆ ಹೋಗೋದು ಹೇಗೆ? ಬಿಸಿ ಬೆಲ್ಲ ಬಾಯಿಗೆ ಹಾಕ್ಕೊಂಡು ಪಶ್ಚಿಮವಾಹಿನಿ ಹತ್ತಿರ ಹೊಳೆ ದಾಟಿದಾಗ ಇನ್ನೂ ಮಂಜು ಕರಗಿರಲಿಲ್ಲ. ನಿಲ್ಲುತ್ತಾ ನಿಲ್ಲುತ್ತಾ ಹೋದರೂ ಎರಡು ಗಂಟೆಯೊಳಗೆ ತಲುಪುವ ದೂರ. ದ್ವೀಪದ ಪಶ್ಚಿಮಕ್ಕೆ ಕೋಟೆ, ಪೂರ್ವದ ತುದಿಗೆ ಸಂಗಮ. ಗಂಜಾಂ ಈ ಪೂರ್ವದ ಕಡೆ. ಶಿರಾದಿಂದ ಜನರನ್ನು ಕರೆತಂದು ಟಿಪ್ಪು ಕಟ್ಟಿಸಿದ ಪೇಟೆ ಇದು. ಒಂದು ಕಾಲಕ್ಕೆ ಇಲ್ಲಿನ ಅಂಜೂರಕ್ಕೆ ದೊಡ್ಡ ಹೆಸರಿತ್ತು.

ದಾರಿ ಕೇಳಿದಾಗ ಟೀ ಅಂಗಡಿ ಮುಂದೆ ಕೂತಿದ್ದ ಅಜ್ಜ ನಮ್ಮ ಹೆಲ್ಮೆಟ್ಟನ್ನೇ ನೋಡಿದರು. "ಚರ್ಚಾ? ಎಲ್ರೂ ಗುಂಬಜ್ ಎಲ್ಲಿ, ನಿಮಿಷಾಂಬ ಎಲ್ಲಿ ಅಂತಾರೆ. ನೀವೇನ್ ಸಾ, ಚರ್ಚ್ ಕೇಳ್ತೀರಿ? ಹಿಂಗೇ ಹೋಗಿ."

ಚರ್ಚ್ ಸಾದಾ ಕಟ್ಟಡ. ಮೈಸೂರಿನ ಸೇಂಟ್ ಫಿಲೋಮಿನಾ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆ ಆಗುತ್ತೆ. ನಾವು ಹೋದಾಗ ಬಾಗಿಲು ಹಾಕಿತ್ತು, ಆವರಣದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ನೆರಳಲ್ಲಿ ಕೂತು ನೀರು ಕುಡಿದೆವು. ಆದರೆ ಇದನ್ನು ಕಟ್ಟಿಸಿದವನ ಕಥೆ ಗೊತ್ತಿದ್ದರೆ ಅಲ್ಲಿಂದ ಬೇಗ ಏಳೋಕೆ ಮನಸ್ಸಾಗಲ್ಲ.

ಅವರು ಅಬ್ಬೆ ದುಬಾಯ್, ಫ್ರಾನ್ಸಿನ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪು ಕಾಲದಲ್ಲಿ ಚದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸೋಕೆ ಬಂದವರು. ಊಟ, ಬಟ್ಟೆ, ಗಡ್ಡ, ರುಮಾಲು ಎಲ್ಲ ನಮ್ಮವರ ಹಾಗೇ. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ 1803–04ರ ಹೊತ್ತಿನಲ್ಲಿ ಊರೂರಿಗೂ ಹೋಗಿ ಸಾವಿರಾರು ಜನಕ್ಕೆ ಹಾಕಿಸಿದರು. ಸಿಡುಬನ್ನು ಅಮ್ಮ ಅಂತ ಪೂಜಿಸುತ್ತಿದ್ದ ಜನರನ್ನು ಅದಕ್ಕೆ ಒಪ್ಪಿಸೋದು ಸುಲಭ ಇದ್ದಿರಲಿಕ್ಕಿಲ್ಲ.

ನಮ್ಮ ಆಚಾರ ವ್ಯವಹಾರಗಳ ಬಗ್ಗೆ ಒಂದು ದಪ್ಪ ಪುಸ್ತಕವನ್ನೂ ಬರೆದರು. ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಹಕ್ಕೆ ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂತು. ಓದಿದರೆ ಎಷ್ಟೋ ಕಡೆ ಕೋಪ ಬರುತ್ತೆ. ನಮ್ಮ ನಂಬಿಕೆಗಳನ್ನು ಕೀಳಾಗಿ ಕಂಡ ಮಾತು ಬೇಕಾದಷ್ಟಿದೆ. ಹಾಗಿದ್ದೂ ಊಟದ ಎಲೆಯಿಂದ ಮದುವೆ ಚಪ್ಪರದವರೆಗೆ ಇಷ್ಟು ಹತ್ತಿರದಿಂದ ನೋಡಿ ಬರೆದ ಪರದೇಶಿ ಆ ಕಾಲಕ್ಕೆ ಕಡಿಮೆ. ನನಗೆ ಆ ಪುಸ್ತಕ ಇಷ್ಟವೂ ಹೌದು, ಇಲ್ಲವೂ ಹೌದು.

ಗೆಳೆಯನನ್ನು ಹಿಡಿದಿಟ್ಟಿದ್ದು ಬೇರೆ ಸಂಗತಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿದ್ದು, 1823ರಲ್ಲಿ ದುಬಾಯ್ ವಾಪಸ್ ಹೊರಟರು. ಅದೇ ವರ್ಷ ಅವರ ಪತ್ರಗಳು ಅಚ್ಚಾದವು. ಈ ನೆಲದಲ್ಲಿ ಮತಾಂತರ ಸಾಧ್ಯವಿಲ್ಲ, ಇಪ್ಪತ್ತೈದು ವರ್ಷ ದುಡಿದು ತಾನು ಸೇರಿಸಿದ್ದು ಇನ್ನೂರು ಮುನ್ನೂರು ಜನರನ್ನಷ್ಟೇ ಅಂತ ಅವರೇ ಬರೆದಿದ್ದರು. ಆ ಮಾತಿಗೆ ಇತರ ಪಾದ್ರಿಗಳು ಉರಿದುಬಿದ್ದರು.

"ಜೀವಮಾನವೆಲ್ಲ ಒಂದೇ ಪ್ರಾಜೆಕ್ಟ್ ಮಾಡಿ, ಇದು ಆಗಲ್ಲ ಅಂತ ತಾನೇ ರಿಪೋರ್ಟ್ ಬರೆದ್ನಲ್ಲೋ!" ಅಂದ ಗೆಳೆಯ. ಅವನ ಅಪ್ರೈಸಲ್ ಮುಂದಿನ ವಾರ ಇತ್ತು.

"ಲಸಿಕೆ ಹಾಕಿಸಿಕೊಂಡು ಬದುಕಿದವರ ಲೆಕ್ಕ ಆ ರಿಪೋರ್ಟಲ್ಲಿ ಇಲ್ಲ ಕಣೋ" ಅಂದೆ. ಅವನು ಒಪ್ಪಲಿಲ್ಲ. ಕೊಟ್ಟ ಕೆಲಸ ಅದಲ್ಲವಲ್ಲ ಅನ್ನೋದು ಅವನ ವಾದ. ಫ್ರಾನ್ಸಿಗೆ ಹೋದ ಮೇಲೆ ದುಬಾಯ್ ಇತ್ತ ತಿರುಗಿ ಬರಲೇ ಇಲ್ಲ, 1848ರಲ್ಲಿ ಅಲ್ಲೇ ತೀರಿಕೊಂಡರು.

ನೀವು ಹೋಗೋದಾದರೆ ಬೆಳಿಗ್ಗೆ ಬೇಗ ಹೊರಡಿ. ಭಾನುವಾರ ಪೂಜೆಯ ಹೊತ್ತು. ಹೊರಗಿನವರು ಫೋಟೋ ತೆಗೀತಾ ಓಡಾಡೋದು ಚೆನ್ನಾಗಿರಲ್ಲ. ಒಳಗೂ ನೋಡಬೇಕು ಅಂದ್ರೆ ಮೊದಲೇ ವಿಚಾರಿಸಿಕೊಳ್ಳಿ. ಮುಗಿಸಿಕೊಂಡು ಸಂಗಮದವರೆಗೆ ತುಳಿದರೆ ಕಾವೇರಿಯ ಎರಡು ಕವಲು ಮತ್ತೆ ಸೇರೋದು ಕಾಣುತ್ತೆ. ನಾವು ಅಲ್ಲಿ ಕಾಲು ಇಳಿಬಿಟ್ಟು ಕೂತು ಅದೇ ಜಗಳ ಮುಂದುವರಿಸಿದೆವು, ಬಿಸಿಲು ನೆತ್ತಿಗೆ ಬರೋವರೆಗೂ.