ಸ್ತಂಭ ಮತ್ತು ವೇಪಥು

ಸಾತ್ತ್ವಿಕ ಭಾವಗಳು ಎಂಟೆಂದು ಭರತಮುನಿಯ ಎಣಿಕೆ. ಅವುಗಳಲ್ಲಿ ಸ್ತಂಭವೂ ಒಂದು, ವೇಪಥು ಎಂಬ ನಡುಕವೂ ಒಂದು. ತೆರಕಣಾಂಬಿಯಲ್ಲಿರುವ ನನ್ನ ಸೋದರಮಾವನವರು ಈ ಎರಡನ್ನೂ ಕಂಡವರು. ಆದರೆ ಅದು ರಸಾನುಭವವಲ್ಲ, ರೋಗ.

ನಾನು ಪ್ರೌಢಶಾಲೆಯಲ್ಲಿದ್ದಾಗ ಅವರು ಒಂದು ಮುಂಜಾನೆ ಬಾವಿಯ ಬಳಿ ಹಗ್ಗ ಹಿಡಿದು ನಿಂತವರು ಮಧ್ಯಾಹ್ನವಾದರೂ ಕದಲಲಿಲ್ಲ. ಅಜ್ಜಿ ಅವರ ಕೈಯನ್ನು ಮೇಲೆತ್ತಿದರೆ ಅದು ಎತ್ತಿದಂತೆಯೇ ನಿಂತಿತು. ಅನ್ನವಿಲ್ಲ, ನೀರಿಲ್ಲ, ಮಾತಿಲ್ಲ. ಗಾಳಿ ಸೋಕಿದೆಯೆಂದು ಕೆಲವರೆಂದರು. ಅಜ್ಜಿ ಹುಲುಗನಮುರಡಿಯ ವೆಂಕಟರಮಣನಿಗೆ ಹರಕೆ ಹೊತ್ತು, ಅಂದೇ ಕಾರನ್ನೂ ಗೊತ್ತುಮಾಡಿದರು. ದೇವರನ್ನೂ ವೈದ್ಯರನ್ನೂ ಏಕಕಾಲದಲ್ಲಿ ನಂಬುವ ಈ ಜಾಣ್ಮೆ ನಮ್ಮ ಹಿರಿಯರಿಗೇ ಸಲ್ಲಬೇಕು!

1874ರಲ್ಲಿ ಜರ್ಮನಿಯ ಕಾಲ್‌ಬಾಮ್ ಎಂಬ ವೈದ್ಯನು ಈ ಸ್ಥಿತಿಗೆ ಕೆಟಟೋನಿಯ ಎಂದು ಹೆಸರಿಟ್ಟನು. ಇದು ಹಟವಲ್ಲ, ನಟನೆಯೂ ಅಲ್ಲ. ನೀರಿಲ್ಲದೆ, ಕದಲದೆ ಬಿದ್ದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಎರವಾಗಬಹುದು. ಆದರೂ ಲೋರಾಜೆಪಾಮ್ ಎಂಬ ಔಷಧಕ್ಕೆ ಹಲವರು ಬೇಗ ಎಚ್ಚರುತ್ತಾರೆ. ಅದಕ್ಕೆ ಜಗ್ಗದಿದ್ದರೆ ವಿದ್ಯುತ್ ಚಿಕಿತ್ಸೆಯುಂಟು. ಅರಿವಳಿಕೆಯಿಲ್ಲದೆ ಅದನ್ನು ಕೊಡಕೂಡದೆಂದು 2017ರ ಕಾಯಿದೆ ವಿಧಿಸಿದೆ. ಮಾವನವರು ಸೂಜಿಮದ್ದಾದ ಮರುದಿನವೇ ನನ್ನ ತಾಯಿಯನ್ನು ನೋಡಿ, “ಅಕ್ಕಾ, ನೀರು ಕೊಡು” ಎಂದರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಮೂಲವ್ಯಾಧಿ ಚಿತ್ತವಿಕಲತೆಯಾದುದರಿಂದ ಮಾತ್ರೆಗಳು ಮುಂದುವರಿದವು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನಿನಿಂದ ಆರಂಭವಾದ ಈ ಔಷಧವರ್ಗವು ಮಿದುಳಿನ ಡೋಪಮಿನ್ ಎಂಬ ದ್ರವ್ಯವನ್ನು ತಡೆಯುತ್ತದೆ. ಅಂಗಚಲನೆಯನ್ನು ಹದದಲ್ಲಿಡುವುದೂ ಅದೇ ದ್ರವ್ಯ. ಮೊದಲು ಮೈ ಬಿಗಿತ, ಕೈನಡುಕ. ವರ್ಷಗಳ ಬಳಿಕ ಕೆಲವರಿಗೆ ನಾಲಿಗೆ ದವಡೆಗಳು ತಾವಾಗಿ ಆಡತೊಡಗುತ್ತವೆ. ದೋಷವೆಲ್ಲ ಔಷಧದ್ದೆನ್ನಲಾಗದು: ಎಂದೂ ಔಷಧ ಸೇವಿಸದ ರೋಗಿಗಳಲ್ಲಿಯೂ ಇಂಥ ಚಲನೆಗಳು ಕಂಡುವೆಂದು ತಮಿಳುನಾಡಿನಲ್ಲಿ ನಡೆದ, 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸುತ್ತದೆ.

ಬಾಯಲ್ಲಿ ಎಲೆಯಡಿಕೆಯಿಲ್ಲದೆಯೇ ಮಾವನವರು ಮೆಲ್ಲುತ್ತಿದ್ದರು. ಬಸ್ಸು ನಿಲ್ಲುವೆಡೆ ಹುಡುಗರು ಅಣಕಿಸುತ್ತಿದ್ದರು. ಒಂದು ದಿನ ಅವರು ಮಾತ್ರೆಗಳನ್ನು ಸೂರಿನ ಹೆಂಚಿನಡಿ ಅಡಗಿಸಿದ್ದುದು ಬಯಲಾಯಿತು.

“ಮೇಷ್ಟ್ರಾಗಿದ್ದೀಯಲ್ಲಪ್ಪ, ಹೇಳು. ಕಲ್ಲಾಗಿರೋದು ವಾಸಿಯೋ, ಮೆಲುಕು ಹಾಕೋ ಹಸುವಾಗಿರೋದು ವಾಸಿಯೋ?”

ನನ್ನ ಎಂ.ಎ. ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಹಾಗೆಯೇ ವೈದ್ಯರ ಮುಂದಿಟ್ಟೆವು. ಅವರು ನಗಲಿಲ್ಲ. ಥಟ್ಟನೆ ನಿಲ್ಲಿಸಿದರೆ ಎರಡೂ ಉಲ್ಬಣಿಸಬಹುದೆಂದು ತಿಳಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಔಷಧವನ್ನು ಬದಲಿಸಿ, ಟೆಟ್ರಬೆನಜೀನನ್ನು ಸೇರಿಸಿದರು. ಮೆಲುಕು ತಗ್ಗಿದೆ, ನಿಂತಿಲ್ಲ. ಮಾವನವರು ಸಂತೆಗೆ ಹೋಗುತ್ತಾರೆ, ಬದನೆಕಾಯಿಗೆ ಚೌಕಾಸಿ ಮಾಡುತ್ತಾರೆ. ಅಣಕಿಸುವ ಹುಡುಗನ ತಂದೆಯ ಹೆಸರನ್ನು ಕೇಳಿ ತಿಳಿದುಕೊಂಡು ಬರುತ್ತಾರೆ.