ನಾಲ್ಕು ತಾಸಿನ ದಾರಿ

1979ರಲ್ಲಿ ಅಣ್ಣ ಕುವೈತಿಗೆ ಹೊರಟಾಗ ಕಾರವಾರದ ನಮ್ಮ ಕೋಡಿಬಾಗದಲ್ಲಿ ಸೇತುವೆ ಇರಲಿಲ್ಲ. ಟ್ರಂಕನ್ನು ಲಾಂಚಿಗೇರಿಸಿ ಕಾಳಿ ನದಿ ದಾಟಿ, ಸದಾಶಿವಗಡದ ದಂಡೆಯಲ್ಲಿ ಬಸ್ಸಿಗೆ ಕಾದೆವು. ಮಾಜಾಳಿ, ಕಾಣಕೋಣ, ಕರಮಲ ಘಾಟಿನ ತಿರುವು, ಮಡಗಾಂವ್. ಅಲ್ಲಿಂದ ರಾತ್ರಿಯಿಡೀ ಮುಂಬಯಿ ಬಸ್ಸು. ಪರಿಚಿತರ ಖೋಲಿಯಲ್ಲಿದ್ದುಕೊಂಡು ಐದು ದಿನ ಏಜೆಂಟನ ಬಾಗಿಲಿಗೆ ಎಡತಾಕಿದ ಮೇಲೆ ಸಾಂತಾಕ್ರೂಝ್‌ನಿಂದ ವಿಮಾನ. ಮುಂಬಯಿಯಿಂದ ಕುವೈತಿಗೆ ಆಕಾಶದಲ್ಲಿ ಸುಮಾರು 2,750 ಕಿ.ಮೀ., ನಾಲ್ಕು ತಾಸಿನ ಆಚೀಚೆ. ಮನೆಯಿಂದ ವಿಮಾನದ ಮೆಟ್ಟಿಲಿಗೆ ಒಂದು ವಾರ.

‘ಬೆಳಿಗ್ಗೆ ಎಂಟಕ್ಕೆ ಹೊರಟು ಒಂಬತ್ತೂವರೆಗೆ ಇಳಿದೆ’ ಎಂದು ಅವನ ಮೊದಲ ಕಾಗದ. “ಹಂಗಾರೆ ಅಂಕೋಲೆಗೆ ಹೋದಷ್ಟೇ ಆಯ್ತಲ್ಲೋ” ಎಂದಳು ಆಯಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ ಎಂದು ನಾನು ಹೇಳಿದ್ದು ಅವಳಿಗೆ ಬೇಕಾಗಿರಲಿಲ್ಲ. ರಜೆಗೆ ಬಂದಾಗ ಅಣ್ಣ ಇನ್ನೊಂದು ಹೇಳುತ್ತಿದ್ದ: ಬರುವಾಗ ವಿಮಾನ ಬೇಗ ಮುಟ್ಟುತ್ತದಂತೆ. ಆಯಿ ಅದನ್ನು ಊರಿನ ಸೆಳೆತ ಎಂದುಕೊಂಡಳು. ಅದು ಮೇಲೆ ಪಶ್ಚಿಮದಿಂದ ಬೀಸುವ ಗಾಳಿ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ನಾಲ್ಕು ತಾಸಿನ ದಾರಿ ಮುಚ್ಚಿಹೋಯಿತು. ಅಣ್ಣ ಬಾಗ್ದಾದ್ ಮೇಲಿಂದ ಮರುಭೂಮಿಯ ರಸ್ತೆಯಲ್ಲಿ ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದ. ಲಕ್ಷಕ್ಕೂ ಹೆಚ್ಚು ಭಾರತೀಯರು ಹಾಗೇ ಬಂದರು. ಅಷ್ಟರಲ್ಲಿ ಕಾಳಿಗೆ ಸೇತುವೆಯಾಗಿತ್ತು, ವಾಹನ ಮನೆ ಬಾಗಿಲಿಗೇ ಬಂತು. ಇಳಿಸಿಕೊಳ್ಳಲು ಟ್ರಂಕ್ ಇರಲಿಲ್ಲ.

ಈಗ ಅವನ ಮಗಳು ದೋಹಾದಲ್ಲಿ ನರ್ಸ್. ಗೋವಾದಿಂದ ದೋಹಾ ಸುಮಾರು 2,550 ಕಿ.ಮೀ.; ಇದೂ ನಾಲ್ಕು ತಾಸಿನ ಹಾರಾಟವೇ. ವಿಮಾನದ ವೇಗ ಈ ನಲವತ್ತೈದು ವರ್ಷಗಳಲ್ಲಿ ಹೆಚ್ಚೇನೂ ಏರಿಲ್ಲ. ಕಡಿಮೆಯಾದದ್ದು ನೆಲದ ಮೇಲಿನ ಕಾಯುವಿಕೆ, ಏಜೆಂಟ್, ಖೋಲಿ. ಅದೂ ಪೂರ್ತಿ ನಿಜವಲ್ಲ. ಗೋವಾದ ಹಳೆಯ ವಿಮಾನ ನಿಲ್ದಾಣ ದಾಬೋಳಿ ನಮಗೆ ನೂರು ಕಿ.ಮೀ.ಗಿಂತ ಕಡಿಮೆ. 2023ರಲ್ಲಿ ಮೋಪಾದ ಹೊಸ ನಿಲ್ದಾಣ ಶುರುವಾಯಿತು, ಮರುವರ್ಷದ ಜೂನ್‌ನಲ್ಲಿ ಕತಾರ್ ಏರ್‌ವೇಸ್ ಅಲ್ಲಿಗೆ ಹೋಯಿತು. ಅದರಿಂದ ನಮ್ಮ ದಾರಿ ಉದ್ದವಾಯಿತು: ಜುವಾರಿ ದಾಟಿ, ಮಾಂಡವಿಯನ್ನೂ ದಾಟಿ, ಪೆಡ್ಣೆ ತಾಲೂಕಿನವರೆಗೆ. ರಸ್ತೆಗೆ ಮೂರು ತಾಸು, ಅಲ್ಲಿ ಮೊದಲೇ ಹೋಗಿ ಕೂರುವುದಕ್ಕೆ ಮೂರು, ಹಾರುವುದಕ್ಕೆ ನಾಲ್ಕು.

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಹಳೆಯ ಸೇತುವೆ ಕುಸಿದು ಲಾರಿಯೊಂದು ಕಾಳಿಗೆ ಬಿತ್ತು, ಚಾಲಕ ಬದುಕಿದ. ಪಕ್ಕದ ಹೊಸ ಸೇತುವೆಯಲ್ಲೂ ಕೆಲಹೊತ್ತು ವಾಹನ ಬಿಡಲಿಲ್ಲ. ಲಾಂಚ್ ಇದ್ದಿದ್ದರೆ ಎಂದು ಯಾರೋ ಅಂದರು. ಲಾಂಚಿಗಾಗಿ ತಾಸುಗಟ್ಟಲೆ ಮಳೆಯಲ್ಲಿ ನಿಂತವರು ಹಾಗೆ ಅನ್ನುವುದಿಲ್ಲ.

ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ನಿಲ್ದಾಣದ ಜೊತೆ ನಮ್ಮಂಥವರಿಗೂ ವಿಮಾನ ಬರುತ್ತದೆ ಎನ್ನುತ್ತಾರೆ. ಕೋಡಿಬಾಗದಿಂದ ಅಲ್ಲಿಗೆ ಒಂದು ತಾಸೂ ಬೇಡ. “ಯಾವಾಗ, ಕಾಕಾ?” ಎಂದು ಹುಡುಗಿ ಪ್ರತಿ ಫೋನಿನಲ್ಲೂ ಕೇಳುತ್ತಾಳೆ. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಲಗೇರಿ, ಭಾವಿಕೇರಿ, ಬೇಲೇಕೇರಿಯವರ ಲೆಕ್ಕ ಮೊದಲು ತೀರಲಿ. ಅಲ್ಲಿಯವರೆಗೆ ನಾವು ಮೋಪಾಕ್ಕೇ ಹೋಗುತ್ತೇವೆ.